ಪುಟಕ್ಕೆ ಇಪ್ಪತ್ತು ಶಿಲಿಂಗ್

ಕೂತ್ಕೋ ಒಬಿಯೆರೊ. ಆ ಸ್ಟೂಲಿಗೆ ಒಂದು ಕಾಲು ಕುಂಟು,
ಗೋಡೆಗೆ ಆತುಕೊಂಡು ಕೂತರೆ ಬೀಳುವುದಿಲ್ಲ.
ಕರೆಂಟು ಹೋಗುವುದರೊಳಗೆ ಮುಗಿಸೋಣ.
ಕಿಸುಮುವಿನಲ್ಲಿ ಮಧ್ಯಾಹ್ನ ಮೂರರ ಮೇಲೆ
ದೇವರನ್ನು ನಂಬಬಹುದು, ವಿದ್ಯುತ್ತನ್ನಲ್ಲ.

ನಾಲ್ಕು ಪುಟ ತಂದಿದ್ದೀಯ.
ಪುಟಕ್ಕೆ ಇಪ್ಪತ್ತು ಶಿಲಿಂಗ್, ಲಾಭ ನನಗೆ.
ಆದರೆ ಮೀನಿನ ಕಾರ್ಖಾನೆಯ ಆ ಹೆಂಗಸಿನ ಮುಂದೆ
ಇನ್ನೂರು ಲಕೋಟೆ.
ಚಹಾ ಆರುವಷ್ಟರಲ್ಲಿ ನಿನ್ನನ್ನು ಓದಿ ಮುಗಿಸಬೇಕು ಅವಳು.
ಎರಡು ಸಾಕು.

ಮೊದಲ ಸಾಲಿಗೇ ಧರ್ಮ, ಎತ್ತರ, ಮದುವೆ, ಮಕ್ಕಳು.
ಉಗ್ರಾಣ ಕಾಯಲಿಕ್ಕೋ, ಹೆಣ್ಣು ಕೇಳಲಿಕ್ಕೋ?
ತೆಗೆದೆ.
ಫೋಟೋನೂ ತೆಗೆದೆ. ಕತ್ತರಿಸಿದ ಅಂಚಿನಲ್ಲಿ
ಹಳದಿ ತೋಳೊಂದು ನಿನ್ನ ಹೆಗಲ ಮೇಲೇ ಉಳಿದಿದೆ.
ಯಾರದೆಂದು ಕೇಳುವುದಿಲ್ಲ.

ಈ-ಮೇಲ್ ವಿಳಾಸ: ಸರೋವರದ ಸಿಂಹ ತೊಂಬತ್ತೊಂಬತ್ತು.
ಹದಿನೇಳನೇ ವಯಸ್ಸಿಗೆ ಒಪ್ಪುತ್ತಿತ್ತು.
ಈಗ ನಿನ್ನಪ್ಪ ಇಟ್ಟ ಹೆಸರೇ ಇರಲಿ.

‘ಪ್ರಾಮಾಣಿಕ, ಕ್ರಿಯಾಶೀಲ, ಶ್ರಮಜೀವಿ.’
ಬೆಳಗಿನಿಂದ ಈ ಮೂರನ್ನು ಒಂಬತ್ತು ಸಲ ಟೈಪು ಮಾಡಿದ್ದೇನೆ.
ಕಳ್ಳನೂ ಬಂದು ಮೊದಲು ಅದನ್ನೇ ಬರೆಸುತ್ತಾನೆ.
ಹೋಟೆಲಿನಲ್ಲಿ ಏನು ಮಾಡಿದೆ, ಹೇಳು.
‘ಸ್ಟೋರಿನ ಜವಾಬ್ದಾರಿ.’
ಅದು ನೀನು ಕೂತಿದ್ದ ಕುರ್ಚಿಯ ಹೆಸರು. ನೀನು?
ಹಳೆಯ ಅಕ್ಕಿ ಮುಂದಕ್ಕೆ, ಹೊಸದು ಹಿಂದಕ್ಕೆ ಜೋಡಿಸಿದೆಯಾ,
ಹುಳ ಬೀಳುವುದು ನಿಂತಿತಾ,
ತಿಂಗಳಿಗೆ ಆರು ಚೀಲ ಉಳಿಯಿತಾ,
ಇಷ್ಟು ಹೊತ್ತು ಇದನ್ನು ಯಾವ ಬಾಯಲ್ಲಿಟ್ಟುಕೊಂಡಿದ್ದೆ?
ಆರು. ಅಂಕಿಯಲ್ಲೇ ಹಾಕುತ್ತೇನೆ, ಕಣ್ಣಿಗೆ ಕುಟ್ಟಲಿ.

‘ನಿಮ್ಮ ಘನ ಸಕ್ಕರೆ ಕಾರ್ಖಾನೆಯಲ್ಲಿ...’
ಇದು ಮೀನಿನದಪ್ಪ.
ಹಳೆಯ ಅರ್ಜಿಯ ಸಕ್ಕರೆ ಇನ್ನೂ ಅಂಟಿದೆ, ಒರೆಸಿದೆ.

ಹವ್ಯಾಸ: ಪ್ರವಾಸ. ಎಲ್ಲಿಗೆ ಹೋಗಿದ್ದೆ?
ಬೊಂಡೊಗೆ, ಸೋದರತ್ತೆಯ ಮಣ್ಣಿಗೆ.
ಸರಿ.

ಈಗ ಇದು. ಹೋಟೆಲು ಮುಚ್ಚಿದ ವರ್ಷ ಊರಿಗೇ ಗೊತ್ತು.
ನೀನು ಅಲ್ಲಿ ಇನ್ನೂ ಎರಡು ವರ್ಷ ದುಡಿದೆಯಂತೆ,
ದೆವ್ವಗಳಿಗೆ ಅಕ್ಕಿ ಅಳೆಯುತ್ತಾ?
‘ಆಗ ಏನೂ ಮಾಡಲಿಲ್ಲ’ ಎನ್ನುತ್ತೀಯ.
ಬೆರಳ ಸಂದಿಯಲ್ಲಿ ಬಲೆದಾರ ಕೊಯ್ದ ಗೀರು, ನೋಡಿಕೋ.
ಡುಂಗಾ ದಡ, ಚಿಕ್ಕಪ್ಪನ ಪಾಲುದಾರಿಕೆಯ ದೋಣಿಗಳು,
ಬೆಳಕು ಹರಿಯುವ ಮುಂಚೆ ಒಮೆನಾ ಮೀನು ಡಬ್ಬಿಯಲ್ಲಿ ಅಳೆದು
ಯಾರ ಪಾಲು ಎಷ್ಟೆಂದು ಸಿಗರೇಟು ಪ್ಯಾಕಿನ ಹಿಂದೆ ಬರೆದು...
ಎಷ್ಟು ದೋಣಿ? ಹನ್ನೊಂದು.
ಜಗಳ? ಎರಡು.
ಆ ಎರಡನ್ನು ಬರೆಯುವುದಿಲ್ಲ. ಸುಳ್ಳಲ್ಲ ಅದು, ಜಾಗದ ಉಳಿತಾಯ.
ಅಯ್ಯೋ ಮಾರಾಯ,
ಮೀನಿನ ಕಾರ್ಖಾನೆಗೆ ಅರ್ಜಿ ಹಾಕುತ್ತಾ
ಮೀನನ್ನೇ ಮುಚ್ಚಿಟ್ಟಿದ್ದೀಯಲ್ಲ!

ಸಾಕ್ಷಿಗೆ ಮೂವರು.
ಪಾದ್ರಿ ಇರಲಿ. ಹೋಟೆಲಿನ ಮ್ಯಾನೇಜರು ಇರಲಿ.
ಮ್ವಾಲಿಮು ನ್ಯಾಂಡಿಗಾ—
ಒಬಿಯೆರೊ, ಆಗಸ್ಟಿನಲ್ಲಿ ಅವರ ತಿಥಿಪತ್ರ
ಇದೇ ಕೀಲಿಗಳಲ್ಲಿ ಬಡಿದದ್ದು ನಾನು.
ಕಪ್ಪು ಅಂಚು ದಪ್ಪವಾಯಿತೆಂದು ಎರಡು ಸಲ ಬದಲಿಸಿದೆ.
‘ಬದುಕಿದ್ದಾಗ ಒಪ್ಪಿದ್ದರು.’
ಒಪ್ಪಿರುತ್ತಾರೆ. ಯಾರಿಗೆ ಒಲ್ಲೆ ಅಂದಿದ್ದರು ಅವರು?
ನನ್ನ ಹೆಸರಿನ ಕಾಗುಣಿತ ತಿದ್ದಿದ್ದೂ ಅವರೇ.

ಚಿಕ್ಕಪ್ಪ ಬೇಡ, ನೆಂಟರ ಹೊಗಳಿಕೆಗೆ ತೂಕವಿಲ್ಲ.
ಜಗಳವಾಡಿದವನೊಬ್ಬ ಇದ್ದನಲ್ಲ, ಈಗ ಮಾತಾಡುತ್ತಾನಾ?
‘ಮಾತಾಡುತ್ತಾನೆ. ಲೆಕ್ಕ ಸರಿಯಿತ್ತೆಂದು ಅವನಿಗೂ ಗೊತ್ತು.’
ಅವನ ನಂಬರು ಕೊಡು.
ಮೊದಲು ಫೋನು ಮಾಡಿ ಕೇಳು, ಇಲ್ಲೇ, ನನ್ನೆದುರಿಗೇ.

...

ಹಾಂ, ಫ್ಯಾನು ನಿಂತಿತು.
ಗಾಬರಿಯಾಗಬೇಡ, ಉಳಿಸಿದ್ದೇನೆ,
‘ಹೊಸದು ಕೊನೆಯದು ಮೂರು’ ಎಂದಲ್ಲ,
ನಿನ್ನ ಹೆಸರಿನಲ್ಲೇ.
ನಾಳೆ ಬೆಳಿಗ್ಗೆ ಬಾ, ಪ್ರಿಂಟು ತೆಗೆದು
ನಿನ್ನಿಂದಲೇ ಗಟ್ಟಿಯಾಗಿ ಓದಿಸುತ್ತೇನೆ,
ತಪ್ಪು ನಾಲಿಗೆಗೆ ಎಡವುತ್ತದೆ.
ನಲವತ್ತು ಶಿಲಿಂಗ್. ಕೆಲಸ ಸಿಕ್ಕ ಮೇಲೆ ಮೀನೇ ತಂದುಕೊಡು.
ಅಲ್ಲ, ಬೇಡ.
ದುಡ್ಡೇ ಕೊಡು.